ಗವರ್ನರ್ ಎದ್ದು ಬರಲಿಲ್ಲ

“ಮೂರು ಸಲ ಹೆಸರು ಹಿಡಿದು ಕೂಗಿದರೂ ಆ ಮನುಷ್ಯ ಯಾಕೆ ಎದ್ದು ಬರಲಿಲ್ಲ?”

ಭಾನುಮತಿ ಕೇಳಿದ್ದು ದೋಸೆ ಹೆಂಚನ್ನು. ಹೆಂಚು ಚುಂಯ್ ಎಂದಿತೇ ಹೊರತು ಉತ್ತರ ಕೊಡಲಿಲ್ಲ. ಮನೆಯಲ್ಲಿ ಇನ್ಯಾರೂ ಇರಲಿಲ್ಲ. ಸೊಸೆ ಪ್ರಗತಿ ಏಳೂವರೆಗೇ ಕಾರು ತೆಗೆದುಕೊಂಡು ಡಲ್ಲಾಸಿನ ಆಫೀಸಿಗೆ ಹೊರಟಿದ್ದಳು. ಮೊಮ್ಮಗಳು ಇಶಾ ಸ್ಕೂಲ್ ಬಸ್ಸು ಹತ್ತಿದ್ದಳು. ಗಂಡ ಉದಯಶಂಕರ ಕೆರೆಯ ಕಡೆ ವಾಕಿಂಗ್ ಹೋಗಿದ್ದರು. ಮಗ ನಿಶ್ಚಲ್ ಸೋಮವಾರದಿಂದ ಗುರುವಾರದವರೆಗೆ ಹ್ಯೂಸ್ಟನ್ನಿನಲ್ಲೇ ಇರುತ್ತಿದ್ದ. ಕಂಪನಿ ಎಲ್ಲರನ್ನೂ ಮತ್ತೆ ಆಫೀಸಿಗೆ ಕರೆದ ಮೇಲೆ ಅಲ್ಲೊಂದು ಒಂಟಿ ರೂಮಿನ ಅಪಾರ್ಟ್‌ಮೆಂಟ್ ಹಿಡಿದಿದ್ದ. ಡಲ್ಲಾಸಿನ ಹೊರವಲಯದ ಲಿಟಲ್ ಎಲ್ಮ್‌ನ ಆ ಹೊಸ ಬಡಾವಣೆಯಲ್ಲಿ ಒಂದು ಮನೆಯ ಹಾಗೇ ಇನ್ನೊಂದು. ಕಾಲುದಾರಿ ಹತ್ತು ನಿಮಿಷ ನೆಟ್ಟಗೆ ಹೋಗಿ ಹೆದ್ದಾರಿಯ ಬೇಲಿಗೆ ಮುಟ್ಟಿ ನಿಂತುಬಿಡುತ್ತಿತ್ತು. ಡ್ರೈವಿಂಗ್ ಬಾರದ ಭಾನುಮತಿಯ ಲೋಕ ಅಷ್ಟೇ ಉದ್ದ.

ಒಲೆಯ ಪಕ್ಕದ ಕಟ್ಟೆಯ ಮೇಲೆ ಇಶಾ ಬಿಟ್ಟುಹೋಗಿದ್ದ ಹಾಳೆಗಳಿದ್ದವು. ಏಳನೇ ಕ್ಲಾಸಿನ ಪ್ರಾಜೆಕ್ಟು: ಟೆಕ್ಸಾಸಿನ ಒಬ್ಬ ಹಳೆಯ ಗವರ್ನರನ ಬದುಕು. ಹೆಸರು ಸ್ಯಾಮ್ ಹ್ಯೂಸ್ಟನ್. ಬರೆದ ಕಾಗದ ಎದುರಿಗಿದ್ದರೆ ಭಾನುಮತಿಗೆ ಓದದೆ ಇರಲು ಆಗುತ್ತಿರಲಿಲ್ಲ. ಓದಿದರೆ ಅರ್ಥ ಬಿಡಿಸದೆ ಇರಲು ಆಗುತ್ತಿರಲಿಲ್ಲ. ಅದು ಅವಳ ಕಸುಬು. ಮೈಸೂರಿನಲ್ಲಿ ನಲವತ್ತು ವರ್ಷ ಉದಯಶಂಕರ ಗಮಕ ವಾಚನ ಮಾಡಿದವರು, ಭಾನುಮತಿ ಪಕ್ಕದಲ್ಲಿ ಕೂತು ವ್ಯಾಖ್ಯಾನ ಮಾಡಿದವಳು. ಅವರು ಪದ್ಯವನ್ನು ರಾಗದಲ್ಲಿ ತೇಲಿಸಿ ನಿಲ್ಲಿಸುವರು. ಇವಳು ಅದನ್ನು ಪದಪದವಾಗಿ ಕೆಳಗಿಳಿಸಿ ಜನರ ಕೈಗೆ ಕೊಡುವಳು.

ಮೂರೂಮುಕ್ಕಾಲಕ್ಕೆ ಇಶಾ ಬಂದಳು. ಬ್ಯಾಗು ಒಂದು ಕಡೆ, ಶೂ ಇನ್ನೊಂದು ಕಡೆ ಎಸೆದು ಊಟದ ಮೇಜಿಗೆ ಕೂತಳು. ಭಾನುಮತಿ ದೋಸೆ ಕೊಟ್ಟು, ಹತ್ತಿಯ ಡಬ್ಬಿ ತೆಗೆದು ಎದುರಿಗೆ ಕೂತು ಹೂಬತ್ತಿ ಹೊಸೆಯತೊಡಗಿದಳು.

“ನಿನ್ನ ಗವರ್ನರನ್ನ ಕೂಗ್ತಿರುವಾಗ ಅವನು ಏನು ಮಾಡ್ತಿದ್ದ ಅಂದೆ?”

“ಬೇಸ್‌ಮೆಂಟಲ್ಲಿ ಕೂತ್ಕೊಂಡು ವುಡ್ ಕೆತ್ತುತಾ ಇದ್ನಂತೆ. ಲೈಕ್, ನೀವು ಬತ್ತಿ ಮಾಡೋ ಥರ.”

“ಹೆದರಿಕೆಗೆ ಅಡಗಿದ್ನೇನು?”

“ನೋ ಅಜ್ಜಿ. ಸಿವಿಲ್ ವಾರ್ ಟೈಮಲ್ಲಿ ಟೆಕ್ಸಾಸ್ ಯೂನಿಯನ್, ಐ ಮೀನ್ ಅಮೆರಿಕ, ಬಿಟ್ಟು ಸೌತ್ ಕಡೆಯವರ ಹೊಸ ಕಂಟ್ರಿಗೆ ಸೇರ್ತು. ಆಫೀಸಲ್ಲಿರೋರೆಲ್ಲ ಹೊಸ ಕಂಟ್ರಿಗೆ ಓಥ್ ತಗೋಬೇಕಿತ್ತು. ಹಿ ಸೆಡ್ ನೋ. ಸೋ ದೇ ಟುಕ್ ಹಿಸ್ ಜಾಬ್.”

“ಆಮೇಲೆ? ಸೈನ್ಯ ಕಟ್ಟಿದ್ನಾ?”

“ಇಲ್ಲ. ಮನೆಗೆ ಹೋದ. ಟೂ ಇಯರ್ಸ್ ಆದ್ಮೇಲೆ ಸತ್ತ.”

“ಅಷ್ಟೇನಾ?”

“ಅಷ್ಟೇ.” ಇಶಾ ಚಟ್ನಿ ನೆಕ್ಕಿದಳು. “ಅಂಡ್ ಹಿ ಓನ್ಡ್ ಸ್ಲೇವ್ಸ್. ಅದನ್ನೂ ಬರೀಬೇಕು ಅಂದಿದಾರೆ ಟೀಚರ್.”

“ಬರಿ. ಒಳ್ಳೇದಷ್ಟೇ ಬರೆದರೆ ಅದು ಹೊಗಳಿಕೆ. ಪಟ ಹಾಕಿ ಪೂಜೆ ಮಾಡೋ ಮನುಷ್ಯ ಅಲ್ಲ ಅಂತಾಯ್ತು.” ಒಂದು ಬತ್ತಿ ಮುಗಿಸಿ ಡಬ್ಬಿಗೆ ಹಾಕಿ, “ಆದರೂ ಅದೊಂದು ಮಾತು ಹೇಳಲಿಲ್ಲ ಅವನು,” ಅಂದಳು.

ಗುರುವಾರ ಸಂಜೆ ನಿಶ್ಚಲ್ ನಾಲ್ಕೂವರೆ ಗಂಟೆ ಡ್ರೈವ್ ಮಾಡಿಕೊಂಡು ಬಂದ. ಮೇಲ್‌ಬಾಕ್ಸ್ ತೆಗೆದು, ಕಾಗದ ಹಿಡಿದುಕೊಂಡೇ ಒಳಗೆ ಬಂದ. ಊಟಕ್ಕೆ ಹುರುಳಿಕಾಯಿ ಹುಳಿ, ಹಪ್ಪಳ.

“ಅಮ್ಮ, ಬಂತು. ಇನ್ನು ಮೂರು ವಾರಕ್ಕೆ ನಿನ್ನ ಓಥ್. ಡಲ್ಲಾಸಲ್ಲೇ.”

“ಭೇಷ್,” ಅಂದರು ಉದಯಶಂಕರ. ಅವರು ಹೋದ ವರ್ಷವೇ ಅಮೆರಿಕದ ಪ್ರಜೆಯಾಗಿದ್ದರು. ಸಮಾರಂಭದಲ್ಲಿ ಕೊಟ್ಟ ಪುಟ್ಟ ಬಾವುಟ ಇನ್ನೂ ಪೆನ್ನುಗಳ ಲೋಟದಲ್ಲಿ ನಿಂತಿತ್ತು. ಭಾನುಮತಿ ಹಿಂದೆ ಬಿದ್ದದ್ದಕ್ಕೆ ಕಾರಣ ಅವಳ ಅಕ್ಕ ಲೀಲಾವತಿ. ಅಕ್ಕನ ಕಣ್ಣಿನ ಆಪರೇಷನ್ನಿಗೆಂದು ಮೈಸೂರಿಗೆ ಹೋದವಳು ಏಳು ತಿಂಗಳು ಇದ್ದುಬಿಟ್ಟಿದ್ದಳು. ವಾಪಸ್ ಬಂದಾಗ ಏರ್‌ಪೋರ್ಟಿನ ಅಧಿಕಾರಿ ಗ್ರೀನ್ ಕಾರ್ಡನ್ನು ತಿರುಗಿಸಿ ಮುರುಗಿಸಿ ನೋಡಿ, ಮುಂದಿನ ಸಲ ಹೀಗಾದರೆ ಕಷ್ಟ ಅಂದಿದ್ದ. ಆಪರೇಷನ್ ಆದರೂ ಲೀಲಾವತಿಯ ಕಣ್ಣು ಉಳಿಯಲಿಲ್ಲ. ಈಗ ಅವಳು ತಂಗಿಯನ್ನು ಒಂದು ವರ್ಷದ ಮಟ್ಟಿಗೆ ಕರೆಯುತ್ತಿದ್ದಳು.

“ಓಥ್ ಒಂದು ಆಗಿಬಿಡಲಿ,” ನಿಶ್ಚಲ್ ಹುಳಿ ಕಲಸುತ್ತಾ ಅಂದ. “ಕೈಗೆ ಇಲ್ಲಿನ ಪಾಸ್‌ಪೋರ್ಟ್ ಬಂದರೆ ದೊಡ್ಡಮ್ಮನ ಹತ್ತಿರ ಒಂದು ವರ್ಷ ಇರು, ಎರಡು ವರ್ಷ ಇರು. ಯಾರೂ ಕೇಳಲ್ಲ.”

“ಅದಕ್ಕೆ ಮುಂಚೆ ಒಂದು ನಾಲ್ಕು ತಿಂಗಳು ಹೋಗಿ ಬರ್ಲಾ?”

“ನಾಲ್ಕು ಅಂತ ಹೋಗಿ ಏಳು ಮಾಡ್ತೀಯ. ಕಾರ್ಡ್ ಹೋಯ್ತು ಅಂದ್ರೆ ಅಪ್ಪ ಇಲ್ಲಿ, ನೀನು ಅಲ್ಲಿ. ಬೇಕಾ ಅದು?”

ಪ್ರಗತಿ ತಟ್ಟೆಯಿಂದ ತಲೆ ಎತ್ತದೆ ಹೇಳಿದಳು: “ಮತ್ತೆ ಇಶಾ ಸ್ಕೂಲಿಂದ ಬರೋ ಹೊತ್ತಿಗೆ ಮನೇಲಿ ಯಾರಿರ್ತಾರೆ? ನಿಶ್ಚಲ್ ಹ್ಯೂಸ್ಟನ್, ನಾನು ಆಫೀಸು. ಮಾವನ್ನ ನಂಬಿದರೆ ಅವರು ಪಾರ್ಕಲ್ಲಿ ಯಾರಿಗೋ ಪದ್ಯ ಹೇಳ್ತಾ ಕೂತಿರ್ತಾರೆ. ತಪ್ಪು ತಿಳ್ಕೋಬೇಡಿ ಅತ್ತೆ. ಆಫ್ಟರ್ ಸ್ಕೂಲ್‌ಗೆ ಹೆಸರು ಬರೆಸಿದೀನಿ, ಜನವರಿವರೆಗೆ ಸೀಟಿಲ್ಲ.”

“ತಪ್ಪೇನಿದೆ. ಇರೋದನ್ನೇ ಹೇಳ್ದೆ,” ಅಂದಳು ಭಾನುಮತಿ.

ನಿಶ್ಚಲ್ ಫೋನಿನಿಂದ ಒಂದು ಹಾಳೆ ಪ್ರಿಂಟ್ ಮಾಡಿ ತಂದು ಅವಳ ತಟ್ಟೆಯ ಪಕ್ಕ ಇಟ್ಟ. “ಅಲ್ಲಿ ಅವರು ಹೇಳಿಕೊಟ್ಟ ಹಾಗೆ ಹೇಳಬೇಕು. ಇಂಗ್ಲಿಷ್ ಸ್ವಲ್ಪ ಗಡಸು. ಆ ನೂರು ಪ್ರಶ್ನೆ ಕಲಿತ ಹಾಗೆ ಇದನ್ನೂ ಯಾವುದಾದರೂ ರಾಗಕ್ಕೆ ಹಾಕಿ ಬಾಯಿಪಾಠ ಮಾಡ್ಕೊಂಡುಬಿಡು.”

ಆ ನೂರು ಪ್ರಶ್ನೆಗಳ ಕಥೆ ಮನೆಯಲ್ಲಿ ನಗೆಯ ವಿಷಯವಾಗಿತ್ತು. ಪೌರತ್ವ ಪರೀಕ್ಷೆಯ ಪ್ರಶ್ನೋತ್ತರಗಳನ್ನು ಭಾನುಮತಿ ಪಾತ್ರೆ ತೊಳೆಯುತ್ತಾ ಮೋಹನದಲ್ಲಿ, ಬಟ್ಟೆ ಮಡಿಸುತ್ತಾ ಕಾಂಭೋಜಿಯಲ್ಲಿ ಕಲಿತಿದ್ದಳು. ಪರೀಕ್ಷೆಯ ದಿನ ಆ ಆಫೀಸರಮ್ಮ ಕೇಳಿದ್ದಕ್ಕೆಲ್ಲ ತಡವರಿಸದೆ ಉತ್ತರ ಹೇಳಿದ್ದಳು. ಕೊನೆಗೆ ಆಕೆ, ಪ್ರಮಾಣವಚನ ಸ್ವೀಕರಿಸಲು ಒಪ್ಪಿಗೆಯೇ ಅಂದಾಗ ‘ಯೆಸ್’ ಅಂದಿದ್ದಳು. ಒಳಗಿನ ಮಾತುಗಳೇನೆಂದು ಆಗ ನೋಡಿರಲಿಲ್ಲ.

ಮಗ ಮಾಡಿದ ತಪ್ಪು ಅದೊಂದೇ. ಬರೀ ಸದ್ದು ಕಲಿಯಲಿ ಎಂದು ವ್ಯಾಖ್ಯಾನಕಾರ್ತಿಯ ಕೈಗೆ ಪಠ್ಯ ಕೊಟ್ಟ.

ಮರುದಿನ ಕುಕ್ಕರ್ ಇಟ್ಟು ಕನ್ನಡಕ ಹಾಕಿಕೊಂಡು ಅವಳು ಹಾಳೆ ಓದಿದಳು. ಮೂರನೆಯ ಕೂಗಿಗೆ ಆರಿಸಬೇಕಾದ ಕುಕ್ಕರ್ ಏಳು ಸಲ ಕೂಗಿತು. ಉದಯಶಂಕರ ಹಾಲಿನಿಂದ ಓಡಿಬಂದರು.

“ಭಾನು, ಬೇಳೆ ಕರಗಿ ಹೋಗಿರತ್ತೆ.”

“ಏನ್ರೀ, ಹೋದ ವರ್ಷ ನೀವು ಇದನ್ನ ಹೇಳಿದ್ರಾ?”

“ಎಲ್ಲರ ಜೊತೆ ಎದ್ದು ನಿಂತೆ. ತುಟಿ ಅಲ್ಲಾಡಿಸ್ದೆ. ಸಾವಿರ ಜನ ಒಟ್ಟಿಗೆ ಹೇಳ್ತಿದ್ರು, ಚೆನ್ನಾಗಿತ್ತು ಕಣೆ, ಮಹಾಮಂಗಳಾರತಿ ಆದ ಹಾಗೆ.”

“ಅರ್ಥ?”

“ಅರ್ಥ ಯಾವತ್ತಾದರೂ ನನ್ನ ಖಾತೆ ಆಗಿತ್ತೇನು?” ಅಂದು ಅವರು ಕುಕ್ಕರಿನ ಒತ್ತಡ ತೆಗೆದರು. “ನನ್ನದು ರಾಗ.”

ಭಾನುಮತಿ ನಗಲಿಲ್ಲ. ಆ ಹಾಳೆಯನ್ನು ಮಡಿಸಿ ಹತ್ತಿಯ ಡಬ್ಬಿಯಲ್ಲಿಟ್ಟಳು.

ಶನಿವಾರ ಬೆಳಗ್ಗೆ ಲೀಲಾವತಿಯ ಫೋನು. ಮೈಸೂರಿನಲ್ಲಿ ಸಂಜೆ.

“ಬರ್ತೀಯೇನೇ? ಮನೇಲಿರೋರು ಮೊಬೈಲಲ್ಲಿ ಪದ್ಯ ಹಾಕಿಟ್ಟು ಹೋಗ್ತಾರೆ. ಅದು ಹಾಡತ್ತೆ, ಹೇಳಲ್ಲ. ನನಗೆ ನೀನು ಬಂದು ಹೇಳ್ಬೇಕು.”

“ಬರ್ತೀನಿ ಅಕ್ಕ. ಒಂದು ಪ್ರಮಾಣ ಮಾಡೋದಿದೆ, ಆಮೇಲೆ ಬಿಡ್ತಾರಂತೆ.”

“ಪ್ರಮಾಣ ಏನಂತ?”

ಭಾನುಮತಿ ಅಡುಗೆಮನೆಯ ಕಿಟಕಿಯಿಂದ ಹಿತ್ತಲಿನ ಮರದ ಬೇಲಿ ನೋಡುತ್ತಾ ನಿಂತಳು. “ನೆಟ್‌ವರ್ಕ್ ಸರಿಯಿಲ್ಲ ಕಣೆ,” ಅಂದು ಇಟ್ಟುಬಿಟ್ಟಳು. ಅಕ್ಕನ ಹತ್ತಿರ ಅವಳು ಹೇಳಿದ ಸುಳ್ಳುಗಳನ್ನು ಎಣಿಸಿದರೆ ಒಂದು ಕೈಯ ಬೆರಳು ಸಾಕಿತ್ತು.

ಮುಂದಿನ ವಾರ ಶುಕ್ರವಾರ ಇಶಾಳಿಗೆ ರಜೆ. ನಿಶ್ಚಲ್ ಹ್ಯೂಸ್ಟನ್ನಿನಲ್ಲೇ ಉಳಿದಿದ್ದ. ಅವನಿಗೆ ಚಟ್ನಿಪುಡಿ, ಹೊದಿಕೆ, ಕುಕ್ಕರು ತಲುಪಿಸಿ, ಅಲ್ಲಿಂದ ಟೆಕ್ಸಾಸಿನ ರಾಜಧಾನಿ ಆಸ್ಟಿನ್‌ಗೆ ಹೋಗಿ ಪ್ರಾಜೆಕ್ಟಿಗೆ ಫೋಟೋ ತೆಗೆದುಕೊಂಡು ಬರುವುದೆಂದಾಯಿತು. ಪ್ರಗತಿ ಡ್ರೈವ್ ಮಾಡಿದಳು. ದಾರಿಯಲ್ಲಿ ಹಂಟ್ಸ್‌ವಿಲ್ ಹತ್ತಿರ ಮರಗಳ ಮೇಲಿಂದ ಬೆಳ್ಳಗಿನ ದೈತ್ಯ ಮೂರ್ತಿಯೊಂದು ತಲೆ ಎತ್ತಿತು.

“ಅವನೇ!” ಇಶಾ ಕಿಟಕಿಗೆ ಮುಖ ಒತ್ತಿದಳು. “ಸಿಕ್ಸ್ಟಿ ಸೆವೆನ್ ಫೀಟ್.”

“ಗೊಮ್ಮಟನಿಗಿಂತ ಹತ್ತಡಿ ಹೆಚ್ಚು,” ಅಂದರು ಉದಯಶಂಕರ. “ಕೋಟು ಒಂದು ಹೆಚ್ಚು.”

ಮೂರ್ತಿಯ ಕಾಲಬುಡದಲ್ಲಿ ನಿಂತು ಇಶಾ ತನ್ನ ಹಾಳೆ ಓದಿ ಒಪ್ಪಿಸಿದಳು. ಹುಡುಗನಾಗಿದ್ದಾಗ ಮನೆ ಬಿಟ್ಟು ಚೆರೋಕಿ ಜನರ ಜೊತೆ ಇದ್ದವನು. ಯಾವುದೋ ಹಳೆಯ ಯುದ್ಧಕಾವ್ಯವನ್ನು ಬಾಯಿಪಾಠ ಮಾಡಿದ್ದವನು. ಟೆನೆಸ್ಸಿಗೆ ಗವರ್ನರ್ ಆಗಿ, ಮದುವೆಯಾಗಿ ಕೆಲವೇ ವಾರಕ್ಕೆ ಹೆಂಡತಿ ಬಿಟ್ಟುಹೋದಳೆಂದು ಅಧಿಕಾರ ಬಿಟ್ಟವನು. ಟೆಕ್ಸಾಸಿಗೆ ಬಂದು ಯುದ್ಧ ಗೆದ್ದು, ಅದು ಬೇರೆ ದೇಶವಾಗಿದ್ದಾಗ ಅಧ್ಯಕ್ಷನಾಗಿ, ಅಮೆರಿಕಕ್ಕೆ ಸೇರಿದ ಮೇಲೆ ಸೆನೆಟರನಾಗಿ, ಕೊನೆಗೆ ಗವರ್ನರನಾದವನು.

“ಹೆಂಡತಿ ಯಾಕೆ ಬಿಟ್ಟಳು?” ಪ್ರಗತಿ ಕೇಳಿದಳು.

“ಅವನು ಹೇಳಲೇ ಇಲ್ಲ. ಎವರ್.”

“ಬಾಯಿ ಬಿಗಿ ಇದ್ದ ಮನುಷ್ಯ,” ಅಂದಳು ಭಾನುಮತಿ. ಕಾವ್ಯ ಬಾಯಿಪಾಠ ಮಾಡಿದ್ದನೆಂಬುದು ಅವಳ ಮನಸ್ಸಿಗೆ ಹಿಡಿಸಿತ್ತು.

ಹ್ಯೂಸ್ಟನ್ನಿನ ಆ ರೂಮಿನಲ್ಲಿ ಒಂದು ಹಾಸಿಗೆ, ಒಂದು ಕುರ್ಚಿ, ಫ್ರಿಜ್ಜಿನಲ್ಲಿ ಮೊಸರಿನ ಡಬ್ಬ. ಭಾನುಮತಿ ಫ್ರಿಜ್ ಮುಚ್ಚಿ ಮಗನ ಕಡೆ ನೋಡಿದಳು. “ಇಲ್ಲಿ ಏನು ತಿಂತೀಯೋ?”

“ತಿಂತೀನಿ ಬಿಡಮ್ಮ. ಇಲ್ಲೇ ಹತ್ತಿರ ಫುಲ್‌ಶೀರ್ ಕಡೆ ಮನೆ ನೋಡ್ತಿದೀನಿ. ಎಲ್ಲ ಇಲ್ಲಿಗೇ ಶಿಫ್ಟ್ ಆದ್ರೆ ಆಯ್ತು. ಆದ್ರೆ ಪ್ರಗತಿ ಕೆಲಸ ಬಿಡಲ್ಲ.”

“ನಾನ್ಯಾಕೆ ಬಿಡ್ಲಿ?” ಕುಕ್ಕರಿಗೆ ಅಕ್ಕಿ ಹಾಕುತ್ತಿದ್ದ ಪ್ರಗತಿ ತಿರುಗಿದಳು. “ನೀನು ಬಿಟ್ಟು ಬಾ.”

ಭಾನುಮತಿಗೆ ಮಗನ ಕಣ್ಣ ಕೆಳಗಿನ ಕಪ್ಪು ಕಂಡಿತು. ಇವನೂ ಎಲ್ಲಿಗೂ ಹೋಗಲಾರದೆ ಸಿಕ್ಕಿಕೊಂಡವನೇ. ಹೆದ್ದಾರಿಯ ಉದ್ದಕ್ಕೆ ಓಡಾಡುತ್ತಾನೆ, ಅಷ್ಟೇ.

ಆಸ್ಟಿನ್ನಿನಲ್ಲಿ ಅಲ್ಲಿನ ವಿಧಾನಸೌಧವಾದ ಕ್ಯಾಪಿಟಲ್ ಕಟ್ಟಡದ ಮುಂದಿನ ಓಕ್ ಮರದ ನೆರಳಲ್ಲಿ ಪುಳಿಯೋಗರೆ ಬಿಚ್ಚಿದರು.

“ಈ ಕಟ್ಟಡದ ಕೆಳಗೇನಾ ಅವನು ಕೂತಿದ್ದು?”

“ಈ ಬಿಲ್ಡಿಂಗ್ ಅಲ್ಲ ಅಜ್ಜಿ. ಹಳೇದು ಸುಟ್ಟುಹೋಯ್ತು.”

“ನೆಲಮಾಳಿಗೆನೂ?”

“ಎವ್ರಿಥಿಂಗ್. ಆದ್ರೆ ಗವರ್ನರ್ ಮನೆ ಇದೆ.”

ರಸ್ತೆ ದಾಟಿ ಬೇಲಿಯ ಹೊರಗಿಂದ ಬಿಳಿ ಕಂಬಗಳ ಆ ಮನೆಯನ್ನು ನೋಡಿದರು. ಓಥ್‌ನ ಹಿಂದಿನ ರಾತ್ರಿಯೆಲ್ಲ ಮೇಲಿನ ಮಹಡಿಯಲ್ಲಿ ಶತಪಥ ಹಾಕಿ, ಬೆಳಗ್ಗೆ ಇಳಿದು ಬಂದು ಹೆಂಡತಿಗೆ ‘ನನ್ನಿಂದ ಆಗುವುದಿಲ್ಲ’ ಅಂದನೆಂದು ಹೇಳುತ್ತಾರೆ ಅಂತ ಇಶಾ ವಿವರಿಸಿದಳು.

“ಅದಕ್ಕೆ ಆಕೆ ಏನಂದಳು?”

“ಅದು ಬುಕ್ಕಲ್ಲಿಲ್ಲ.”

“ಹೆಂಡತಿ ಏನಂದಳು ಅನ್ನೋದು ಯಾವ ಬುಕ್ಕಲ್ಲೂ ಇರಲ್ಲ ಪುಟ್ಟಿ,” ಅಂದರು ಉದಯಶಂಕರ. ಪ್ರಗತಿ ಮೊದಲ ಸಲ ಜೋರಾಗಿ ನಕ್ಕಳು. ಭಾನುಮತಿ ಬೇಲಿಯ ಕಬ್ಬಿಣದ ಸರಳು ಹಿಡಿದು ಮೇಲಿನ ಮಹಡಿಯ ಕಿಟಕಿಗಳನ್ನೇ ನೋಡುತ್ತಿದ್ದಳು.

ಪ್ರಮಾಣವಚನಕ್ಕೆ ಮೂರು ದಿನ ಇರುವಾಗ ಸಂಜೆ ಅಡುಗೆಮನೆಯಲ್ಲಿ ಮಾತು ಹೊರಬಿತ್ತು. ಪ್ರಗತಿ ಡಿಶ್‌ವಾಷರಿಗೆ ಪಾತ್ರೆ ತುಂಬುತ್ತಿದ್ದಳು. ಕಂಚಿ ಸೀರೆ ಇಸ್ತ್ರಿ ಆಗಿದೆ ಅತ್ತೆ, ಅಂದಳು. ಭಾನುಮತಿ ಡಬ್ಬಿಯಿಂದ ಹಾಳೆ ತೆಗೆದು ಮೇಜಿನ ಮೇಲೆ ಹರಡಿದಳು. ಸಾಲುಗಳ ನಡುವೆ ಪೆನ್ಸಿಲಿನಲ್ಲಿ ಸಣ್ಣಗೆ ಕನ್ನಡ ಬರೆದಿತ್ತು.

“ಇಲ್ಲಿ ನೋಡು. ಇದುವರೆಗೆ ಯಾವ ದೇಶದವಳಾಗಿದ್ದೆನೋ ಆ ದೇಶದ ಮೇಲಿನ ನಿಷ್ಠೆಯನ್ನೆಲ್ಲ ಪೂರ್ತಿಯಾಗಿ ಬಿಟ್ಟುಬಿಟ್ಟೆ ಅಂತ.”

“ಹೌದು. ನಾನೂ ಹೇಳಿದೀನಿ. ಏನಾಯ್ತು ನನಗೆ? ಯುಗಾದಿ ಬಿಟ್ನಾ? ಕನ್ನಡ ಬಿಟ್ನಾ?”

“ನೀನು ಇಲ್ಲೇ ಬದುಕೋಕೆ ಅಂತ ಹೇಳ್ದೆ. ಅದು ನಿಜ. ನಾನು ಅಲ್ಲಿಗೆ ಹೋಗಿ ಕೂರೋಕೆ ಅಂತ ಇದನ್ನ ಹೇಳ್ಬೇಕು. ಅಲ್ಲಿಗೆ ಹೋಗೋ ಸಲುವಾಗಿ ಅದನ್ನ ಬಿಟ್ಟೆ ಅನ್ನೋದು. ಯಾವ ಲೆಕ್ಕ ಇದು?”

ಫೋನಿನ ಸ್ಪೀಕರಿನಲ್ಲಿ ನಿಶ್ಚಲ್ ಇದ್ದ, ಹ್ಯೂಸ್ಟನ್ನಿನಿಂದ. “ಅಮ್ಮ, ಅದು ಫಾರ್ಮಾಲಿಟಿ. ನಿನ್ನ ಮನಸ್ಸಲ್ಲಿ ಏನು ಬೇಕಾದರೂ ಇಟ್ಕೋ.”

“ಅದನ್ನೂ ಬರೆದಿದಾರಲ್ಲೋ. ಮನಸ್ಸಲ್ಲಿ ಏನನ್ನೂ ಬಚ್ಚಿಟ್ಟುಕೊಳ್ಳದೆ, ನುಣುಚಿಕೊಳ್ಳೋ ಯೋಚನೆ ಇಲ್ಲದೆ ಹೇಳ್ತಿದೀನಿ ಅಂತ. ಕೊನೇಲಿ ದೇವರ ಹೆಸರು ಬೇರೆ. ಬರೆದವನು ಬುದ್ಧಿವಂತ. ತಪ್ಪಿಸಿಕೊಳ್ಳೋ ಕಿಂಡಿಗಳನ್ನೆಲ್ಲ ಒಂದೊಂದಾಗಿ ಮುಚ್ಚಿದಾನೆ.”

“ಇಂಟರ್‌ವ್ಯೂನಲ್ಲಿ ಯೆಸ್ ಅಂದ್ಯಲ್ಲ?”

“ಓದದೆ ಅಂದೆ. ಅದು ನನ್ನ ತಪ್ಪು. ನಲವತ್ತು ವರ್ಷದಲ್ಲಿ ಪದ್ಯ ಓದದೆ ವ್ಯಾಖ್ಯಾನಕ್ಕೆ ಕೂತವಳಲ್ಲ ನಾನು.”

“ದೊಡ್ಡಮ್ಮನ ಬಗ್ಗೆ ಯೋಚಿಸು. ಅವರಿಗೋಸ್ಕರ ಆದ್ರೂ ಹೇಳು.”

ಭಾನುಮತಿ ಹಾಳೆಯ ಅಂಚನ್ನು ಬೆರಳಿಂದ ನೀವಿದಳು. ಹೇಳಿದರೆ ಅಕ್ಕನ ಹತ್ತಿರ ಹೋಗಬಹುದು. ಹೋಗಿ ಕೂತು, ಮಾತು ಕೊಟ್ಟವರ, ಕೊಟ್ಟ ಮಾತಿಗೆ ಕಷ್ಟಪಟ್ಟವರ ಪದ್ಯಗಳನ್ನೇ ಅವಳಿಗೆ ಬಿಡಿಸಿ ಹೇಳಬೇಕು. ಹೇಳದಿದ್ದರೆ ಈ ಅಡುಗೆಮನೆ, ಆ ಬೇಲಿ. ಉದಯಶಂಕರ ಹಾಲಿನಿಂದ ಎದ್ದು ಬಂದು ಮೇಜಿನ ಮೇಲಿನ ಹಾಳೆಯನ್ನು ನೋಡಿದರು. ಪೆನ್ಸಿಲಿನ ಕನ್ನಡವನ್ನು ನಿಧಾನವಾಗಿ ಪೂರ್ತಿ ಓದಿದರು. ಓದಿ ಮುಗಿಸಿ, ಲೋಟದಲ್ಲಿದ್ದ ಬಾವುಟವನ್ನು ಪೆನ್ನುಗಳ ಮಧ್ಯೆ ಸರಿಯಾಗಿ ನಿಲ್ಲಿಸಿ ಹೋದರು.

“ಗುರುವಾರ ಬರ್ತೀಯ ತಾನೇ?” ಫೋನು ಕೇಳಿತು.

“ಕಾರಲ್ಲಿ ಕೂತ್ಕೋತೀನಿ,” ಅಂದಳು ಭಾನುಮತಿ. ಅದನ್ನು ಎಲ್ಲರೂ ಒಪ್ಪಿಗೆ ಎಂದೇ ತಿಳಿದರು.

ಗುರುವಾರ ಎಂಟೂವರೆಗೆ ಡಲ್ಲಾಸಿನ ಆ ಸಭಾಂಗಣದ ಕೆಳಗಿನ ಪಾರ್ಕಿಂಗಿನಲ್ಲಿ ಕಾರು ನಿಂತಿತು. ಎರಡು ಅಂತಸ್ತು ನೆಲದಡಿ. ಸುತ್ತ ಸಿಮೆಂಟಿನ ಕಂಬಗಳು, ಹಳದಿ ದೀಪ. ಬಣ್ಣಬಣ್ಣದ ಬಟ್ಟೆ ತೊಟ್ಟ ಕುಟುಂಬಗಳು ಮಕ್ಕಳನ್ನು ಎಳೆದುಕೊಂಡು ಲಿಫ್ಟಿನ ಕಡೆ ಹೋಗುತ್ತಿದ್ದವು. ಕಂಚಿ ಸೀರೆ ಉಟ್ಟಿದ್ದ ಭಾನುಮತಿ ಹಿಂದಿನ ಸೀಟಿನಲ್ಲಿ ಕೂತು ಚೀಲದಿಂದ ಹತ್ತಿ ತೆಗೆದಳು.

“ಅತ್ತೆ, ಇಳೀರಿ. ಕ್ಯೂ ಉದ್ದ ಇರತ್ತೆ.”

“ನೀವು ನಡೀರಿ.”

ಪ್ರಗತಿ ಒಂದು ಕ್ಷಣ ನಿಂತು, ಕಾಗದಗಳ ಫೈಲನ್ನು ಗಂಡನ ಕೈಗೆ ಕೊಟ್ಟು, ಇಶಾಳ ಭುಜ ಹಿಡಿದಳು. ಇಶಾ ಅಜ್ಜಿಯ ಕೈಯಲ್ಲಿ ಮೂಡುತ್ತಿದ್ದ ಬತ್ತಿಯನ್ನೇ ನೋಡುತ್ತಿದ್ದಳು. ಪ್ರಾಜೆಕ್ಟಿಗೆ ಅವಳಿಗೆ ಹಿಂದಿನ ದಿನ ಒಳ್ಳೆಯ ಮಾರ್ಕ್ಸ್ ಬಂದಿತ್ತು. ತಿರುತಿರುಗಿ ನೋಡುತ್ತಲೇ ಅಮ್ಮನ ಹಿಂದೆ ನಡೆದಳು.

ಉದಯಶಂಕರ ಬಾಗಿಲ ಹತ್ತಿರ ಬಗ್ಗಿದರು. “ಭಾನು, ಹೊತ್ತಾಯ್ತು.”

“ಹೌದು.”

“ಬಾ ಅಂತ ಹೇಳೋಕೆ ನನಗೆ ಬಾಯಿ ಬರ್ತಿಲ್ಲ ಕಣೆ. ಆದ್ರೂ ಹೇಳ್ದೆ ಅಂತ ಇರಲಿ.” ಅವರು ಕಂಬಕ್ಕೆ ಒರಗಿ ನಿಂತರು.

ನಿಶ್ಚಲ್ ಪಕ್ಕದ ಸೀಟಿಗೆ ಬಂದು ಕೂತು ಬಾಗಿಲು ಎಳೆದುಕೊಂಡ. ಹ್ಯೂಸ್ಟನ್ನಿನಿಂದ ಬೆಳಗಿನ ಜಾವ ನಾಲ್ಕಕ್ಕೇ ಹೊರಟು ನೇರ ಇಲ್ಲಿಗೇ ಬಂದಿದ್ದ, ಗಡ್ಡ ತೆಗೆದಿರಲಿಲ್ಲ.

“ಇವತ್ತು ಬಿಟ್ರೆ ಮತ್ತೆ ಕರೀತಾರೋ ಇಲ್ವೋ ಗೊತ್ತಿಲ್ಲ.”

“ಕರೀದಿದ್ರೆ ಬೇಡ.”

“ಮೈಸೂರಿಗೆ ಒಂದು ವರ್ಷ ಕಳಿಸೋಕೆ ನನ್ನಿಂದ ಆಗಲ್ಲ ಹಾಗಾದ್ರೆ. ಕಾರ್ಡ್ ಕಳ್ಕೊಂಡು ನೀನು ಅಲ್ಲಿ ಉಳಿದುಬಿಟ್ರೆ ಈ ಮನೆ ನಡೆಯಲ್ಲ ಅಮ್ಮ. ನಿಜ ಹೇಳ್ತಿದೀನಿ. ನನ್ನಿಂದ ಆಗ್ತಿಲ್ಲ.”

“ನೀನು ನಿಜ ಹೇಳ್ತೀಯ ಅಂತ ನನಗೆ ಗೊತ್ತು.” ಅವಳು ಅವನ ಗಲ್ಲ ಮುಟ್ಟಿದಳು, ಬೆರಳ ತುದಿಯ ಹತ್ತಿಯ ಎಳೆ ಗಡ್ಡಕ್ಕೆ ಅಂಟಿಕೊಂಡಿತು. “ಇಶಾ ಬರೋ ಹೊತ್ತಿಗೆ ಮನೇಲಿರ್ತೀನಿ. ದೋಸೆ ಹುಯ್ತೀನಿ. ಅಕ್ಕನಿಗೆ ಇವತ್ತೇ ಫೋನ್ ಮಾಡಿ ಬರಲ್ಲ ಅಂತೀನಿ. ನೆಟ್‌ವರ್ಕ್ ಸರಿಯಿಲ್ಲ ಅಂದದ್ದು ಸುಳ್ಳು ಅಂತಾನೂ ಹೇಳ್ತೀನಿ.”

ಮೇಲಿನಿಂದ ಯಾವುದೋ ಮೈಕಿನ ಸದ್ದು ಕಾಂಕ್ರೀಟಿನ ಮೂಲಕ ಮಂದವಾಗಿ ಇಳಿದು ಬಂತು. ನಿಶ್ಚಲ್‌ನ ಫೋನು ಅದುರಿತು, ಪ್ರಗತಿ. ಅವನು ಎತ್ತಲಿಲ್ಲ.

“ಅಮ್ಮ, ಕಡೇ ಸಲ ಕೇಳ್ತಿದೀನಿ. ಸುಮ್ಮನೆ ಬಂದು ನಿಂತ್ಕೋ. ಕೈ ಎತ್ತು. ಒಂದು ಮಾತೂ ಆಡಬೇಡ. ಅಪ್ಪ ಮಾಡಿದ ಹಾಗೆ ತುಟಿ ಅಲ್ಲಾಡಿಸಿದರೆ ಸಾಕು. ನನಗೋಸ್ಕರ.”

ಭಾನುಮತಿ ಹೊಸೆದ ಬತ್ತಿಯನ್ನು ಡಬ್ಬಿಗೆ ಹಾಕಿ ಮುಚ್ಚಳ ಮುಚ್ಚಿದಳು.

“ಇಲ್ಲ ನಿಶ್ಚಲ್. ತುಟಿನೂ ಅಲ್ಲಾಡಿಸಲ್ಲ.”